ಉಂಟು ಎಂದರೆ ನಿಲ್ಲುವ ಕುದುರೆ

ಕುದುರೆಯ ಬೆನ್ನ ಮೇಲೆ ಮೊದಲ ಸಲ ಕುಳಿತವರು ಹೇಳುವ ಮಾತು ಒಂದೇ. ಮಂಗಳೂರಿನಿಂದ ಬಂದವರಾಗಲಿ, ಇಲ್ಲೇ ಕುಂಬಳೆಯವರಾಗಲಿ, ಕುದುರೆ ಎರಡು ಹೆಜ್ಜೆ ಇಡುವಷ್ಟರಲ್ಲಿ "ನನಗೆ ಹೆದರಿಕೆ ಉಂಟು ಮಾರಾಯ್ತಿ" ಎನ್ನುತ್ತಾರೆ. ಹಾಗೆಂದದ್ದೇ ತಡ, ನಮ್ಮ ಬೊಳ್ಳಿ ಗಕ್ಕನೆ ನಿಂತುಬಿಡುತ್ತಿದ್ದಳು. ಮೇಲಿದ್ದವರಿಗೆ ಇನ್ನಷ್ಟು ಗಾಬರಿ. "ಎಂತ ಆಯಿತು? ಅದಕ್ಕೆ ಎಂತಾದರೂ ತೊಂದರೆ ಉಂಟಾ?" ಎಂದು ಕೇಳುತ್ತಿದ್ದರು. ಬೊಳ್ಳಿ ನಾಲ್ಕೂ ಕಾಲು ನೆಲಕ್ಕೆ ಒತ್ತಿ ಇನ್ನೂ ಗಟ್ಟಿಯಾಗಿ ನಿಲ್ಲುತ್ತಿದ್ದಳು.

ಸಂಗತಿ ಇಷ್ಟೆ. ಬೊಳ್ಳಿಗೆ ಬರುತ್ತಿದ್ದದ್ದು ತುಳು ಮಾತ್ರ. ಅವಳನ್ನು ಪಳಗಿಸಿದ್ದು ನಮ್ಮ ಕುದುರೆಯಣ್ಣ. ಅವರು ಮೊದಲು ಮಂಗಳೂರಿನ ಕಡೆ ಮದುವೆಯ ದಿಬ್ಬಣಕ್ಕೆ ಕುದುರೆ ಕೊಂಡೊಯ್ಯುತ್ತಿದ್ದವರು. ನಡೆ ಎನ್ನಲು "ನಡಪು" ಎಂದೂ ನಿಲ್ಲು ಎನ್ನಲು "ಉಂತು" ಎಂದೂ ಕಲಿಸಿದ್ದರು. ತುಳುವಿನ ಉಂತು ಯಾವುದು, ನಮ್ಮ ಕನ್ನಡದ ಉಂಟು ಯಾವುದು ಎಂದು ಪಾಪದ ಹೆಣ್ಣು ಕುದುರೆಗೆ ಹೇಗೆ ತಿಳಿಯಬೇಕು? ಈ ಊರಿನಲ್ಲಿ ಉಂಟು ಎನ್ನದೆ ಒಂದು ಗಳಿಗೆ ಮಾತಾಡುವವರಿಲ್ಲ. ಹಾಗಾಗಿ ಬೆಳಿಗ್ಗೆ ಜೀಪಿನಿಂದ ಇಳಿದವರಿಗೆ ನಾನು ಹೇಳುತ್ತಿದ್ದ ಮೊದಲ ಪಾಠವೇ ಅದು: "ಇವತ್ತು ಸಂಜೆವರೆಗೆ ಯಾರೂ ಆ ಶಬ್ದ ಹೇಳಬಾರದು. ಬೆಂಗಳೂರಿನವರ ಹಾಗೆ ಇದೆ, ಇದೆ ಅನ್ನಿ." ಜನ ನಗುತ್ತಿದ್ದರು. ಆಮೇಲೆ ದಿನವಿಡೀ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ನಾನು ನಡೆಸುತ್ತಿದ್ದದ್ದು ಒಂದು ದಿನದ ಪ್ರವಾಸ. ನಾಲ್ಕೈದು ಜನರಿಗಿಂತ ಹೆಚ್ಚು ಸೇರಿಸುತ್ತಿರಲಿಲ್ಲ. ಕುಂಬಳೆ ರೈಲ್ವೆ ಸ್ಟೇಷನ್ನಿನಲ್ಲಿ ಅವರನ್ನು ಹತ್ತಿಸಿಕೊಂಡು ಪೆರ್ಲ ಕಡೆಯ ಒಂದು ಪದವಿಗೆ ಬರುವುದು. ಪದವು ಅಂದರೆ ಕೆಂಪು ಕಲ್ಲಿನ ಬಯಲು. ಮರವಿಲ್ಲ, ತಗ್ಗಿಲ್ಲ, ಕಲಿಯುವವರಿಗೆ ಒಳ್ಳೆಯ ಜಾಗ. ಅಲ್ಲಿ ಬೆಳಗಿನ ಹೊತ್ತು ಸವಾರಿಯ ಪಾಠ. ನಂತರ ಕಾಡಿನ ಗಾಡಿದಾರಿಯಲ್ಲಿ ಗುಡ್ಡ ಹತ್ತಿ, ತುದಿಯಲ್ಲಿರುವ ಕ್ರೈಸ್ತ ಸನ್ಯಾಸಿಗಳ ಸಣ್ಣ ಮಠದಲ್ಲಿ ಊಟ, ಒಂದಷ್ಟು ಹೊತ್ತು ಮೌನ. ಸಂಜೆ ಇಳಿಯುವುದು. ಕುದುರೆ ಎರಡೇ, ಸರದಿಯಲ್ಲಿ ಹತ್ತುವುದು, ಉಳಿದವರು ಜೊತೆಗೆ ನಡೆಯುವುದು. ಬಿಳಿ ಬೊಳ್ಳಿ, ಮತ್ತು ಕಂದು ಬಣ್ಣದ ಕೆಂಚ. ಕೆಂಚನಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಬೊಳ್ಳಿ ನಡೆದರೆ ನಡೆಯುವುದು, ಅವಳು ನಿಂತರೆ ನಿಲ್ಲುವುದು, ಮೈಮುಟ್ಟಿದವರನ್ನು ಕಚ್ಚುವುದು, ಇಷ್ಟೇ ಅವನ ವಿದ್ಯೆ.

ಬೊಳ್ಳಿ ಎಂಬುದು ನಮ್ಮಲ್ಲಿ ದನಕ್ಕೆ ಇಡುವ ಹೆಸರು. ಕುದುರೆಯಣ್ಣನೇ ಇಟ್ಟದ್ದು. ಆ ಹೆಸರು ಕೇಳಿದವರೆಲ್ಲ ಅವಳನ್ನು ದನದ ಹಾಗೆಯೇ ನೋಡುತ್ತಿದ್ದರು. ಚೀಲದಿಂದ ಬಿಸ್ಕತ್ತು ತೆಗೆಯುತ್ತಿದ್ದರು, ಉಳಿದ ಇಡ್ಲಿ ಹಿಡಿಯುತ್ತಿದ್ದರು. ಅಲ್ಲಿ ನನ್ನ ಬಾಯಿ ಜೋರಾಗುತ್ತಿತ್ತು. ನನ್ನ ಬಾಯಿ ಮೊದಲೇ ಅಷ್ಟು ಒಳ್ಳೆಯದಲ್ಲ. "ಇದೆಂತ ನಿಮ್ಮ ಹಟ್ಟಿಯ ದನವಾ? ದನಕ್ಕೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಕುದುರೆಗೆ ಒಂದೇ. ದನ ಮೆಲುಕು ಹಾಕ್ತದೆ. ಇದು ನುಂಗಿದ್ದು ತಿರುಗಿ ಬರುವ ದಾರಿಯೇ ಇಲ್ಲ, ವಾಂತಿ ಸಹ ಮಾಡಲಿಕ್ಕೆ ಆಗುದಿಲ್ಲ. ಗೊತ್ತಾಯ್ತಾ?" ಬ್ಯಾಂಕಿನ ಮ್ಯಾನೇಜರನಿಗೂ ಹೀಗೆ ಬೈದಿದ್ದೇನೆ, ಕಾಲೇಜಿನ ಪ್ರೊಫೆಸರಿಗೂ ಬೈದಿದ್ದೇನೆ. ಯಾರೂ ಬೇಸರ ಮಾಡಿಕೊಂಡದ್ದಿಲ್ಲ. ಕೆಲವರು ಬೈಸಿಕೊಳ್ಳಲೆಂದೇ ಎರಡನೆಯ ಸಲ ಬರುತ್ತಾರೆ ಎಂದು ಕುದುರೆಯಣ್ಣ ತಮಾಷೆ ಮಾಡುತ್ತಿದ್ದರು.

ನಾನು ಬೈಯದೆ ಬಿಟ್ಟ ಒಬ್ಬರೇ ಒಬ್ಬರೆಂದರೆ ಮಠದ ಅಡುಗೆಯ ಬ್ರದರ್. ಮನೆಮಾತು ಕೊಂಕಣಿ, ಮಂಗಳೂರು ಕಡೆಯಿಂದ ಎಳೆಯ ಪ್ರಾಯದಲ್ಲೇ ಬಂದು ಸನ್ಯಾಸ ತೆಗೆದುಕೊಂಡವರು. ಈಗ ಬೆನ್ನು ಬಾಗಿತ್ತು. ಅಡುಗೆಮನೆ ಮತ್ತು ದನದ ಹಟ್ಟಿ ಎರಡೂ ಅವರದೇ. ಮಠದಲ್ಲಿ ಮಧ್ಯಾಹ್ನದ ಗಂಟೆಯಿಂದ ಮೂರು ಗಂಟೆಯ ಗಂಟೆ ಬಾರಿಸುವ ತನಕ ಯಾರೂ ಮಾತಾಡಬಾರದೆಂಬ ಕಟ್ಟಳೆ. ಅವರು ಮಾತ್ರ ಮಾವಿನ ಮರದ ಕೆಳಗೆ ಕಟ್ಟಿದ್ದ ಬೊಳ್ಳಿಯ ಕಿವಿಯ ಹತ್ತಿರ ಬಾಯಿಯಿಟ್ಟು ಕೊಂಕಣಿಯಲ್ಲಿ ಪಿಸಪಿಸ ಎನ್ನುತ್ತಿದ್ದರು. ಆಮೇಲೆ ನಾನು ಕೇಳಿದರೆ, "ಪ್ರಾಣಿಗಳ ಹತ್ತಿರ ಮಾತಾಡಬಾರದು ಅಂತ ಎಲ್ಲಿಯೂ ಹೇಳಿಲ್ಲ ಬಾಯಿ" ಎಂದು ಕಣ್ಣು ಮಿಟುಕಿಸುತ್ತಿದ್ದರು. ಅವರು ನನ್ನನ್ನು ಬಾಯಿ ಎಂದೇ ಕರೆಯುವುದು. ಕೊಂಕಣಿಯಲ್ಲಿ ತಂಗಿ ಎಂದ ಹಾಗೆ. ನನ್ನ ಕಣ್ಣು ತಪ್ಪಿಸಿ ಅವರು ನಿಲುವಂಗಿಯ ಜೇಬಿನಿಂದ ಬೊಳ್ಳಿಗೆ ಒಂದು ಬಾಳೆಹಣ್ಣು ಕೊಡುತ್ತಿದ್ದರು. ನಾನು ಬೇರೆ ಕಡೆ ನೋಡುತ್ತಿದ್ದೆ. ಒಂದು ಬಾಳೆಹಣ್ಣಿನಿಂದ ಕುದುರೆಗೆ ಏನೂ ಆಗುವುದಿಲ್ಲ.

ಅದು ಮೇ ತಿಂಗಳ ಕೊನೆ, ಮಳೆಗೆ ಮುಂಚಿನ ಕೊನೆಯ ಪ್ರವಾಸ. ಮಳೆ ಹಿಡಿದರೆ ಗಾಡಿದಾರಿಯ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ, ಲಾಳ ನಿಲ್ಲುವುದಿಲ್ಲ. ಮತ್ತೆ ಬರುವುದು ದೀಪಾವಳಿ ಕಳೆದ ಮೇಲೆಯೇ. ಹಿಂದಿನ ವಾರ ಬ್ರದರ್‌ಗೆ ಹಾಗೆಂದು ಹೇಳಿ ಬಂದಿದ್ದೆ. "ದೀಪಾವಳಿಗೆ ನಾನಿರುತ್ತೇನೋ ಇಲ್ಲವೋ" ಎಂದಿದ್ದರು. ಆ ಪ್ರಾಯದವರು ಹೇಳುವ ಮಾತು ಎಂದು ನಾನು ಗಮನ ಕೊಡಲಿಲ್ಲ.

ಆ ದಿನ ಬಂದವರು ನಾಲ್ವರು. ಮಂಗಳೂರಿನ ಒಬ್ಬ ನಿವೃತ್ತ ಟೀಚರ್, ಕಾಸರಗೋಡಿನ ಗಂಡ-ಹೆಂಡತಿ, ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬ ಯುವಕ. ಪದವಿನಲ್ಲಿ ಪಾಠ ಚೆನ್ನಾಗಿಯೇ ಆಯಿತು. ಎಡಬದಿಯಲ್ಲಿ ನಿಲ್ಲಬೇಕು, ಲಗಾಮಿನ ಜೊತೆ ಒಂದು ಹಿಡಿ ಕುತ್ತಿಗೆಕೂದಲು ಹಿಡಿಯಬೇಕು, ಎಡಗಾಲನ್ನು ಜೀನಿನಿಂದ ತೂಗುವ ರಿಕಾಪಿನಲ್ಲಿಟ್ಟು ಒಮ್ಮೆಲೇ ಏಳಬೇಕು, ಹಿಮ್ಮಡಿ ಕೆಳಗೆ, ಕಣ್ಣು ಮುಂದೆ. ಹೊಟ್ಟೆಪಟ್ಟಿಯನ್ನು ಎರಡು ಸಲ ಬಿಗಿಯಬೇಕು. ಮೊದಲ ಸಲ ಕುದುರೆ ಹೊಟ್ಟೆ ಉಬ್ಬಿಸಿ ಮೋಸ ಮಾಡುತ್ತದೆ. ಟೀಚರ್ ಬೊಳ್ಳಿಯ ಮೇಲೆ ಕುಳಿತು, ಕಣ್ಣು ಮುಚ್ಚಿ, "ಹೆದರಿಕೆ ಉಂ... ಇದೆ, ಇದೆ!" ಎಂದರು. ಬೊಳ್ಳಿ ಅರ್ಧ ನಿಂತು ಮತ್ತೆ ನಡೆದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಬೊಳ್ಳಿಯನ್ನು ನೋಡಿ ನಾವು ನಕ್ಕದ್ದು ಅದೇ ಕೊನೆ.

ಮಠ ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕುದುರೆಯಣ್ಣ ಎರಡಕ್ಕೂ ನೀರು ಕುಡಿಸಿದರು, ಜೀನು ಇಳಿಸಿ ಬೆನ್ನು ಒರೆಸಿದರು. ಬೊಳ್ಳಿಯನ್ನು ಮಾವಿನ ಮರಕ್ಕೂ ಕೆಂಚನನ್ನು ಗೇಟಿನ ಹತ್ತಿರವೂ ಕಟ್ಟಿದರು. ಮಧ್ಯಾಹ್ನದ ಗಂಟೆ ಬಾರಿಸಿತು. ನಾವೆಲ್ಲ ಒಳಗೆ ಹೋಗಿ ಮಾತಿಲ್ಲದೆ ಕುಚ್ಚಲಕ್ಕಿ ಗಂಜಿ, ಹಲಸಿನಕಾಯಿ ಪಲ್ಯ ಉಂಡು, ಜಗಲಿಯಲ್ಲಿ ಕಣ್ಣುಮುಚ್ಚಿ ಕುಳಿತೆವು. ನನಗೆ ಜೊಂಪು ಹತ್ತಿತು.

ಮೂರರ ಗಂಟೆ ಬಾರಿಸಿದಾಗ ಹೊರಗೆ ಬಂದೆ. ಬೊಳ್ಳಿ ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು. ಕೆರೆಯುವುದು, ಕುತ್ತಿಗೆ ತಿರುಗಿಸಿ ಹೊಟ್ಟೆಯನ್ನು ನೋಡುವುದು, ಮತ್ತೆ ಕೆರೆಯುವುದು. ಕುದುರೆ ಸಾಕಿದವರಿಗೆ ಈ ನೋಟಕ್ಕಿಂತ ಹೆದರಿಕೆ ಬೇರೆ ಇಲ್ಲ. ಪಕ್ಕೆಗೆ ಕಿವಿಯಿಟ್ಟೆ. ಆರೋಗ್ಯವಾಗಿದ್ದರೆ ಒಳಗೆ ಸದಾ ಗುಳುಗುಳು ಎನ್ನಬೇಕು. ಏನೂ ಇಲ್ಲ. ವಸಡು ನೋಡಲು ಬಾಯಿಯ ಹತ್ತಿರ ಕೈ ತಂದೆ. ಬೆರಳು ಅಂಟಿತು.

ಹಲಸಿನ ಮೇಣ. ಮೂತಿಯ ಕೂದಲಿಗೆಲ್ಲ ಅಂಟಿಕೊಂಡಿತ್ತು. ಮರದ ಹಿಂದೆ ಹೋಗಿ ನೋಡಿದೆ. ದನಕ್ಕೆ ಅಕ್ಕಚ್ಚು ಕೊಡುವ ಮರದ ಮರಿಗೆಯನ್ನು ಯಾರೋ ಅಲ್ಲಿಯವರೆಗೆ ಎಳೆದು ತಂದಿದ್ದರು. ತಳದಲ್ಲಿ ನಾಲ್ಕು ಹಲಸಿನ ಬೀಜ, ಒಂದಷ್ಟು ರೆಚ್ಚೆಯ, ಅಂದರೆ ಹಲಸಿನ ಸಿಪ್ಪೆಯ ಚೂರು, ಅಂಚಿಗೆ ಮೆತ್ತಿದ ಅನ್ನ. ಮರಿಗೆ ತುಂಬ ಹಲಸಿನ ರೆಚ್ಚೆ, ಹಣ್ಣು, ಗಂಜಿ ಕಲಸಿ ಇಟ್ಟಿದ್ದರು ಎಂದು ಗೊತ್ತಾಗಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ನಮ್ಮೂರಿನಲ್ಲಿ ಹಲಸಿನ ತಿಂಗಳಲ್ಲಿ ಪ್ರೀತಿಯ ದನಕ್ಕೆ ಎಲ್ಲರೂ ಕೊಡುವ ಔತಣ ಅದು.

ಕುದುರೆಯಣ್ಣನೂ ನೋಡಿದರು. ಅವರ ಮುಖ ಕಪ್ಪಾಯಿತು. "ಯಾರಕ್ಕ ಈ ಕೆಲಸ ಮಾಡಿದ್ದು?" ಎಂದು ಕಿರುಚಲು ಹೊರಟರು. ಅಷ್ಟರಲ್ಲಿ ಅಡುಗೆಯ ಬ್ರದರ್ ಕೈ ಒರೆಸಿಕೊಳ್ಳುತ್ತ ಹಟ್ಟಿಯ ಕಡೆಯಿಂದ ಬಂದರು. ಮುಖದಲ್ಲಿ ಮಕ್ಕಳು ಏನೋ ಕದ್ದು ಮುಗಿಸಿದಾಗ ಇರುವ ನಗು. ಬೊಳ್ಳಿ ಕೆರೆಯುವುದನ್ನು ನೋಡಿ ನಗು ನಿಂತಿತು. "ಎಂತ ಬಾಯಿ? ಎಂತಾಯಿತು ಇವಳಿಗೆ?"

ನನ್ನ ಬಾಯಿಯ ತುದಿಗೆ ಬಂದಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಗುಡ್ಡ ಕೇಳುವ ಹಾಗೆ ಬೈಯುತ್ತಿದ್ದೆ. ಆದರೆ ಅವರ ಕೈ ನೋಡಿದೆ. ಹಣ್ಣು ಬಿಡಿಸಿ ಬಿಡಿಸಿ ಬೆರಳುಗಳಲ್ಲಿ ಇನ್ನೂ ಮೇಣದ ಕಪ್ಪು. ಮೂಳೆ ಮೂಳೆ ಬೆರಳು. "ಬಿಸಿಲು ಬ್ರದರ್. ಹೊಟ್ಟೆ ಹಿಡಿದಿದೆ. ಸ್ವಲ್ಪ ತೆಂಗಿನೆಣ್ಣೆ ಕೊಡ್ತೀರಾ, ಹೊಟ್ಟೆಗೆ ಉಜ್ಜಲಿಕ್ಕೆ" ಎಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, ಒಳಗೆ ಓಡಿದರು. ಓಡುವ ಪ್ರಾಯವಲ್ಲ ಅದು. ಎಣ್ಣೆ ಬಂದ ಮೇಲೆ ಹೊಟ್ಟೆಗೂ ಉಜ್ಜಿದೆ, ಅವರು ಆಚೆ ತಿರುಗಿದಾಗ ಮೂತಿಯ ಮೇಣವನ್ನೂ ಒರೆಸಿ ತೆಗೆದೆ. ಕುದುರೆಯಣ್ಣನಿಗೆ ಕಣ್ಣಿನಲ್ಲೇ ಸುಮ್ಮನಿರಿ ಎಂದೆ. ಅವರಿಗೆ ಸಿಟ್ಟು ಬಂದಿತ್ತು, ಆದರೂ ಸುಮ್ಮನಾದರು.

ಆಗ ಆ ಗುಡ್ಡದಲ್ಲಿ ಮೊಬೈಲಿಗೆ ರೇಂಜ್ ಸಿಗುತ್ತಿದ್ದದ್ದು ತುದಿಯ ಶಿಲುಬೆಯ ಹತ್ತಿರ ಮಾತ್ರ. ಗಲ್ಫಿನ ಯುವಕ ಅಲ್ಲಿಗೆ ಓಡಿ ಮೃಗಾಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದ. ಗುಡ್ಡದ ಹಿಂಬದಿಯ ರಸ್ತೆಯಿಂದ ಬಂದಿದ್ದ ನಮ್ಮ ಜೀಪು ಡಾಕ್ಟರನ್ನು ಕರೆತರಲು ಇಳಿಯಿತು. ಗಂಡ-ಹೆಂಡತಿಯನ್ನೂ ಯುವಕನನ್ನೂ ಅದರಲ್ಲೇ ಕಳುಹಿಸಿದೆ. ಟೀಚರ್ ಮಾತ್ರ "ನಾನು ಅವಳ ಬೆನ್ನ ಮೇಲೆ ಕೂತು ಬಂದವಳು, ಹೇಗೆ ಬಿಟ್ಟು ಹೋಗುದು?" ಎಂದು ಉಳಿದರು.

ಹೊಟ್ಟೆ ಹಿಡಿದ ಕುದುರೆ ನೋವಿಗೆ ನೆಲಕ್ಕೆ ಬಿದ್ದು ಹೊರಳಲು ನೋಡುತ್ತದೆ. ಹೊರಳಿದರೆ ಕರುಳು ತಿರುಚಿಕೊಳ್ಳುತ್ತದೆ. ಹಾಗಾಗಿ ಡಾಕ್ಟರು ಬರುವವರೆಗೆ ನಡೆಸುತ್ತಲೇ ಇರಬೇಕು. ಅಂಗಳದಲ್ಲಿ ಸುತ್ತು ಹಾಕಿಸಿದೆವು. ನಾನು ಒಂದಷ್ಟು, ಕುದುರೆಯಣ್ಣ ಒಂದಷ್ಟು. ನಡಪು ಬೊಳ್ಳಿ, ನಡಪು ಮಗಾ. ಅವಳು ಬೆವರಿ ಒದ್ದೆಯಾಗಿದ್ದಳು. ನಡುವೆ ಟೀಚರ್ ಗಾಬರಿಯಲ್ಲಿ "ಒಳಗೆ ಬಿಸಿನೀರು ಉಂಟಾ ಬ್ರದರ್?" ಎಂದುಬಿಟ್ಟರು. ಬೊಳ್ಳಿ ನಿಂತಳು. ನಿಂತದ್ದೇ ಮೊಣಕಾಲು ಮಡಚಿದಳು. ಇಬ್ಬರೂ ಹಗ್ಗ ಎಳೆದು, ತಳ್ಳಿ, ಬೊಬ್ಬೆ ಹೊಡೆದು ಎಬ್ಬಿಸಬೇಕಾದರೆ ಸಾಕುಸಾಕಾಯಿತು. ಟೀಚರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅಂಥ ನೋವಿನಲ್ಲೂ ಹೇಳಿದ ಮಾತು ಕೇಳುತ್ತಿದ್ದಳು ಬೊಳ್ಳಿ. ಆಮೇಲೆ ಅಂಗಳದಲ್ಲಿ ಯಾರೂ ಬಾಯಿ ತೆರೆಯಲಿಲ್ಲ.

ಡಾಕ್ಟರು ಮಲಯಾಳಿ, ಕನ್ನಡ ತಡೆದು ತಡೆದು ಮಾತಾಡುವವರು. ಬಂದ ಕೂಡಲೇ ಕೇಳಿದ್ದು, "ಎಂತ ತಿಂದದ್ದು?" ಬ್ರದರ್ ಪಕ್ಕದಲ್ಲೇ ನಿಂತಿದ್ದರು. ನಾನು ಡಾಕ್ಟರನ್ನು ಕೆಂಚನ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲನೆ ಹೇಳಿದೆ. ಅವರು ಕಣ್ಣು ಮುಚ್ಚಿ ತೆರೆದರು. "ಎಷ್ಟು?" "ಒಂದು ಮರಿಗೆ."

ನೋವಿನ ಇಂಜೆಕ್ಷನ್ ಕೊಟ್ಟರು. ಮೂಗಿನ ಹೊಳ್ಳೆಯಿಂದ ಉದ್ದದ ರಬ್ಬರು ಕೊಳವೆಯನ್ನು ಹೊಟ್ಟೆಯವರೆಗೆ ಇಳಿಸಿದರು. ಸ್ವಲ್ಪ ಗಾಳಿ ಬಂತು, ಹುಳಿ ವಾಸನೆಯ ನೀರು ಬಂತು, ಆಮೇಲೆ ಕೊಳವೆ ಕಟ್ಟಿಕೊಂಡಿತು. ಬಿಸಿನೀರು ಹಾಕಿ, ತೆಗೆದು, ಮತ್ತೆ ಹಾಕಿದರು. ಅನ್ನ ಒಳಗೆ ಉಬ್ಬಿತ್ತು, ರೆಚ್ಚೆಯ ನಾರು ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳುತ್ತಿತ್ತು. ಆ ವಾಸನೆ ಬ್ರದರ್‌ಗೆ ಹೋಗದಿರಲಿ ಎಂದು ನಾನು ಗಾಳಿ ಬೀಸುವ ಕಡೆ ಅಡ್ಡ ನಿಂತೆ. ಎಂಥ ಮರುಳು! ವಾಸನೆಗೆ ಯಾರಾದರೂ ಅಡ್ಡ ನಿಲ್ಲುವುದುಂಟೆ?

ಮತ್ತೆ ನಡೆಸಿದೆವು. ಸೂರ್ಯ ಕೆಳಗಿಳಿಯುತ್ತಿದ್ದ. ಇದ್ದಕ್ಕಿದ್ದ ಹಾಗೆ ಬೊಳ್ಳಿಯ ಒದ್ದಾಟ ನಿಂತಿತು. ನೆಲ ಕೆರೆಯಲಿಲ್ಲ, ಹೊಟ್ಟೆ ನೋಡಲಿಲ್ಲ. ತಲೆ ತಗ್ಗಿಸಿ ನೆಟ್ಟಗೆ ನಡೆದಳು. ನನ್ನ ಜೀವಕ್ಕೆ ಜೀವ ಬಂತು. ಬ್ರದರ್ ಎರಡೂ ಕೈ ಜೋಡಿಸಿ, "ಗುಣ ಉಂಟು! ಬಾಯಿ, ಗುಣ ಉಂಟು!" ಎಂದು ಕೂಗಿದರು.

ಬೊಳ್ಳಿ ನಿಂತಳು. ಈ ಸಲ ಮಲಗಲು ನೋಡಲಿಲ್ಲ. ಸುಮ್ಮನೆ ನಿಂತಳು.

ಡಾಕ್ಟರು ಮಾತ್ರ ನಗಲಿಲ್ಲ. ಅವಳ ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಒತ್ತಿ ಬಿಟ್ಟರೆ ಕೂಡಲೇ ಕೆಂಪು ತಿರುಗಬೇಕು, ತಿರುಗಲಿಲ್ಲ. ವಸಡು ನೇರಳೆ ಬಣ್ಣಕ್ಕೆ ಬಂದಿತ್ತು. ಕಿವಿ ಮುಟ್ಟಿ ನೋಡಲು ಹೇಳಿದರು. ತಣ್ಣಗಿತ್ತು. ನನ್ನನ್ನು ಪಕ್ಕಕ್ಕೆ ಕರೆದು, "ಒಳಗೆ ಹೊಟ್ಟೆ ಒಡೆದಿದೆ. ಒಡೆದರೆ ಒತ್ತಡ ಹೋಗ್ತದೆ, ನೋವು ಸ್ವಲ್ಪ ಹೊತ್ತು ನಿಲ್ತದೆ. ಗುಣ ಅಲ್ಲ ಇದು. ಮತ್ತೆ ಬರುವ ನೋವು ಇದಕ್ಕಿಂತ ದೊಡ್ಡದು. ನೀವು ಹೇಳಿದರೆ, ಅದು ಬರುವ ಮೊದಲೇ ನಾನು ಮಲಗಿಸ್ತೇನೆ" ಎಂದರು.

ಮಲಗಿಸುವುದು ಅಂದರೆ ಏನೆಂದು ನನಗೆ ಗೊತ್ತಿತ್ತು. ಕುದುರೆಯಣ್ಣನ ಕಡೆ ನೋಡಿದೆ. ಅವರು ಅವಳ ಕುತ್ತಿಗೆಗೆ ಹಣೆಯಿಟ್ಟು ನಿಂತಿದ್ದರು. "ನನ್ನನ್ನು ಕೇಳಬೇಡಿ ಅಕ್ಕ. ನಿಮಗೆ ಸರಿ ಕಂಡ ಹಾಗೆ ಮಾಡಿ" ಎಂದರು. ಬ್ರದರ್ ಇನ್ನೂ ನಗುತ್ತಿದ್ದರು. ಆ ನಗುವಿನ ಎದುರು ಇದು ಆಗಬಾರದು ಎಂದು ನನಗನಿಸಿತು. "ಬ್ರದರ್, ಸಂಜೆಯ ಗಂಟೆ ಬಾರಿಸುವ ಹೊತ್ತಾಯಿತಲ್ಲ. ನೀವು ಹೋಗಿ ಪ್ರಾರ್ಥನೆ ಮಾಡಿ. ಇಲ್ಲಿ ನಾವಿದ್ದೇವೆ" ಎಂದೆ. ಅವರು ಬೊಳ್ಳಿಯ ಹಣೆ ಸವರಿ, ಮೂತಿಯ ಮೇಲೆ ಕೈಯಾಡಿಸಿ, ತಮ್ಮ ಬೆರಳು ನೋಡಿಕೊಂಡು ಮೆಲ್ಲನೆ ಒಳಗೆ ಹೋದರು.

ಡಾಕ್ಟರಿಗೆ ಹೂಂ ಅಂದೆ. ಕುತ್ತಿಗೆಯ ನರಕ್ಕೆ ಸೂಜಿ ಹಾಕಬೇಕಾದರೆ ಅವಳು ಅಲುಗದೆ ನಿಲ್ಲಬೇಕು. ನಿಲ್ಲಲು ಹೇಳಬೇಕಾದವರು ಕುದುರೆಯಣ್ಣ. ಅವರು ಅವಳ ಕುತ್ತಿಗೆಯಿಂದ ಹಣೆ ಎತ್ತಲಿಲ್ಲ. ನಾನೇ ಹಗ್ಗ ಹಿಡಿದು, ಅವಳ ಕಿವಿಯ ಹತ್ತಿರ ಬಾಯಿಯಿಟ್ಟು, "ಉಂತು ಬೊಳ್ಳಿ. ಉಂತು ಮಗಾ" ಎಂದೆ. ಅವಳು ನಿಂತಳು. ನಾಲ್ಕೂ ಕಾಲು ನೆಲಕ್ಕೆ ಒತ್ತಿ, ಪಾಠ ಕಲಿತ ಮಗುವಿನ ಹಾಗೆ ನಿಂತಳು. ಒಳಗೆ ಗಂಟೆ ಬಾರಿಸತೊಡಗಿತು. ಅದು ನಿಲ್ಲುವ ಮೊದಲು ಎಲ್ಲ ಮುಗಿಯಿತು.

ಮರುದಿನ ಜೆಸಿಬಿ ತರಿಸಿ ಹಟ್ಟಿಯ ಹಿಂದೆ ಗುಂಡಿ ತೋಡಿಸಿದೆವು. ಕೆಂಪು ಕಲ್ಲು, ಕೈಯಲ್ಲಿ ತೋಡುವ ನೆಲವಲ್ಲ. ಬ್ರದರ್ ಹೊರಗೆ ಬರಲಿಲ್ಲ. ಜ್ವರ ಎಂದರು ಮಠದವರು. ನಾನು ಸಹ ಹುಡುಕಿಕೊಂಡು ಹೋಗಲಿಲ್ಲ. ಬಿಸಿಲಿನಿಂದ ಹಾಗಾಯಿತೆಂದು ಅವರು ನಂಬಿದ್ದಾರೆ, ಹಾಗೆಯೇ ಇರಲಿ, ಸಾಯುವ ಕಾಲದಲ್ಲಿ ಅವರ ಎದೆಯ ಮೇಲೆ ಆ ಕಲ್ಲು ಬೇಡ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಆ ಮಳೆಗಾಲ ಪೂರ್ತಿ ಮನೆಯಲ್ಲಿ ಯಾರಾದರೂ ಹಲಸಿನ ಹಣ್ಣು ಕೊಯ್ದರೆ ಎದ್ದು ಹೊರಗೆ ಹೋಗುತ್ತಿದ್ದೆ.

ದೀಪಾವಳಿ ಕಳೆಯಿತು. ಪ್ರವಾಸ ಮುಂದುವರಿಸುವುದೋ ಬಿಡುವುದೋ ಎಂದು ಮಠದವರ ಹತ್ತಿರ ಮಾತಾಡಲು ಒಬ್ಬಳೇ ಗುಡ್ಡ ಹತ್ತಿದೆ. ಅಡುಗೆಯ ಬ್ರದರ್ ಮಾವಿನ ಮರದ ಕಟ್ಟೆಯಲ್ಲಿ ಕುಳಿತಿದ್ದರು. ಇನ್ನೂ ಇಳಿದುಹೋಗಿದ್ದರು. ಅಡುಗೆಮನೆಯನ್ನು ಬೇರೆಯವರಿಗೆ ಬಿಟ್ಟಿದ್ದರಂತೆ. ನನ್ನನ್ನು ನೋಡಿ, "ಬನ್ನಿ ಬಾಯಿ. ಒಳಗೆ ಊಟ ಇದೆ" ಎಂದರು.

ಇದೆ ಎಂದರು. ಬೊಳ್ಳಿ ಇಲ್ಲದ ಅಂಗಳದಲ್ಲೂ ಅವರ ಬಾಯಿಗೆ ಉಂಟು ಬರಲಿಲ್ಲ. ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

"ನನಗೆ ಗೊತ್ತಿತ್ತು ಬಾಯಿ" ಎಂದರು ಅವರು, ನನ್ನ ಕಡೆ ನೋಡದೆ. "ಹಲಸಿನ ತಿಂಗಳಲ್ಲಿ ತೆಂಗಿನೆಣ್ಣೆ ಕೇಳಿದರೆ ಮೇಣ ತೆಗೆಯಲಿಕ್ಕೆ ಅಂತ ಈ ಊರಲ್ಲಿ ಸಣ್ಣ ಮಕ್ಕಳಿಗೂ ಗೊತ್ತಾಗ್ತದೆ. ಹೊಟ್ಟೆಗೆ ಉಜ್ಜಲಿಕ್ಕೆ ಅಂದಿರಿ. ಅದಕ್ಕಿಂತ ಮೊದಲೇ ಗೊತ್ತಾಗಿತ್ತು. ನೀವು ಬೈಯಲಿಲ್ಲ. ಒಂದು ಬಿಸ್ಕತ್ತಿಗೆ ಊರು ಕೇಳುವ ಹಾಗೆ ಬೈಯುವವರು, ಆ ದಿನ ಮೆಲ್ಲ ಮಾತಾಡಿದಿರಿ. ಆಗಲೇ ಅಂದುಕೊಂಡೆ, ಇದು ನನ್ನ ಕೈಯಿಂದಲೇ ಆದದ್ದು ಅಂತ."

ನಾನು ಮರದ ಬುಡದಲ್ಲಿ ಅವಳ ಹಗ್ಗ ಉಜ್ಜಿ ಸವೆದ ಗುರುತನ್ನೇ ನೋಡುತ್ತಿದ್ದೆ.

"ಹಸಿದು ಹಲಸು, ಉಂಡು ಮಾವು ಅಂತ ಗಾದೆ ಹೇಳುದಿಲ್ವಾ? ಗುಡ್ಡ ಹತ್ತಿ ಹಸಿದು ಬಂದಿದ್ದಾಳೆ, ಇನ್ನು ದೀಪಾವಳಿವರೆಗೆ ಬರುದಿಲ್ಲ, ಹೊಟ್ಟೆ ತುಂಬ ತಿನ್ನಲಿ ಅಂತ ಕೊಟ್ಟೆ. ನಮ್ಮ ದನ ತಿಂದು ಸುಖವಾಗಿ ಮಲಗ್ತದೆ." ಅವರು ಹಟ್ಟಿಯ ಕಡೆ ನೋಡಿದರು. "ನೀವು ನನಗೆ ಹೇಳದೆ ಬಿಟ್ಟಿರಿ. ಒಳ್ಳೆಯದಕ್ಕೇ ಬಿಟ್ಟದ್ದು. ಆದರೆ ಬಾಯಿ, ಈ ಇಡೀ ಮಳೆಗಾಲ ನಾನು ಕಾದೆ. ಒಮ್ಮೆ ಬಂದು ಬೈದು ಹೋಗ್ತೀರಿ ಅಂತ ಕಾದೆ. ಫಾದರ್ ಹತ್ತಿರ ಪಾಪನಿವೇದನೆ ಮಾಡಿದೆ, ಪ್ರಾಯಶ್ಚಿತ್ತ ಕೊಟ್ಟರು, ಮಾಡಿದೆ. ಸಾಕಾಗಲಿಲ್ಲ. ಅವಳು ನಿಮ್ಮವಳಲ್ಲವಾ? ಎಲ್ಲರಿಗೂ ಬೈಯುವ ಹಾಗೆ ನನಗೂ ಒಮ್ಮೆ ಬೈಯಿರಿ."

ನನಗೆ ಅಳು ತಡೆಯಲಿಲ್ಲ. ಅಳುತ್ತಲೇ, ಅಷ್ಟು ತಿಂಗಳು ಗಂಟಲಿನಲ್ಲಿ ಇಟ್ಟುಕೊಂಡದ್ದು ಹೊರಗೆ ಬಂತು. "ಅದೆಂತ ನಿಮ್ಮ ಹಟ್ಟಿಯ ದನವಾ? ಮರಿಗೆ ತುಂಬ ಇಡುದಾ? ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತಾ? ನಿಮಗೆ ಬುದ್ಧಿ ಉಂಟಾ ಬ್ರದರ್?"

ಆ ಶಬ್ದ ಬಾಯಿಂದ ಬಿದ್ದ ಕೂಡಲೇ ನಾವಿಬ್ಬರೂ ಗಾಬರಿಯಿಂದ ಅಂಗಳದ ಕಡೆ ತಿರುಗಿದೆವು, ಅವಳೆಲ್ಲಿ ನಿಂತುಬಿಡುತ್ತಾಳೋ ಎಂದು.